ಗೋರಿ ಬಿಟ್ಟು ಓದಿದ ಈಸ್ಟರ್

ಬೆಟಗೇರಿ, ಉರಿತಿಂಗಳ ಹತ್ತನೆಯ ದಿನ, ಇಸವಿ ೨೧೮೯

ನಮ್ಮ ಹಿರಿಯರಾದ ನಿಮಗೆ, ಇನ್ನೂ ಹುಟ್ಟಿರದ ಮರಿಮಗನ ವಂದನೆಗಳು.

ಉರಿತಿಂಗಳನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಬೇಸಿಗೆ ಉದ್ದವಾದ ಮೇಲೆ ಮಾರ್ಚಿಗೂ ಏಪ್ರಿಲಿಗೂ ನಡುವೆ ನಾವೇ ತುರುಕಿದ ತಿಂಗಳು ಅದು. ಈ ಪತ್ರ ನಿಮ್ಮನ್ನು ಹೇಗೆ ತಲುಪುತ್ತದೆಂದೂ ಕೇಳಬೇಡಿ, ನಮ್ಮ ಅಂಚೆಯವರು ನನಗೇ ಹೇಳುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಹಾಗೆ ಇಂಗ್ಲಿಷ್ ಬೆರೆಸಿ ಮಾತಾಡಲು ನನಗೆ ಬರುವುದಿಲ್ಲ. ನಿಮ್ಮಲ್ಲಿ ಹಳಗನ್ನಡ ಓದುವ ಹಾಗೆ ನಾವು ಕಾಲೇಜಿನಲ್ಲಿ ಇಂಗ್ಲಿಷನ್ನು ಒಂದು ಪೇಪರಾಗಿ ಓದಿದವರು. ‘ಡಿಯರ್ ಸರ್, ಐ ಬೆಗ್ ಟು ಸ್ಟೇಟ್’ ಎಂಬಲ್ಲಿಗೆ ನನ್ನ ನೆನಪು ನಿಂತುಬಿಡುತ್ತದೆ. ಆದ್ದರಿಂದ ಐ ಬೆಗ್ ಟು ಸ್ಟೇಟ್, ನನ್ನ ಹೆಂಡತಿ ತಬಿಥಾ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಅವಳನ್ನು ಮತ್ತೆ ನೋಡುತ್ತೇನೋ ಇಲ್ಲವೋ ಎಂಬುದೇ ಈ ಪತ್ರದ ವಿಷಯ. ನೋಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮಾತಿನಲ್ಲಿ ದಾರಿ ತಪ್ಪುವ ಅಭ್ಯಾಸ ನನಗಿದೆ, ಕೈ ಹಿಡಿದು ದಾರಿಗೆ ತರುತ್ತಿದ್ದವಳು ಈಗ ಪಕ್ಕದಲ್ಲಿಲ್ಲ.

ನಮ್ಮ ಓಣಿಗಳಿಗೆಲ್ಲ ಈಗ ಚಪ್ಪರ ಹಾಕಿದೆ, ಅದಿಲ್ಲದೆ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ನಸುಕಿನಲ್ಲೆದ್ದು ಮಾಳಿಗೆಯ ಮೇಲಿನ ಇಬ್ಬನಿಬಲೆಯನ್ನು ಹಿಂಡಿ ಇಳಿಸುತ್ತೇವೆ. ಜೇಡನ ಬಲೆಯಂಥ ತೆಳು ಬಟ್ಟೆ ಅದು, ಗಾಳಿಯಲ್ಲಿರುವ ಪಸೆಯನ್ನು ಹಿಡಿದಿಡುತ್ತದೆ. ತಬಿಥಾ ಹಿಂಡಿದರೆ ಕೊಡ ತುಂಬುತ್ತಿತ್ತು, ನಾನು ಹಿಂಡಿದರೆ ತಂಬಿಗೆ. ಜೋಳದ ರೊಟ್ಟಿ ಇನ್ನೂ ಇದೆ, ಗಾಬರಿಯಾಗಬೇಡಿ; ಬಡಿಯುವ ಕೈಗಳು ಮಾತ್ರ ಕಡಿಮೆಯಾಗಿವೆ. ಹಾಗೆಯೇ ಪುಸ್ತಕವನ್ನು ಕಣ್ಣಿಂದ ಓದುವವರೂ ಕಡಿಮೆ. ಪ್ರತಿ ಮನೆಯಲ್ಲಿ, ದೇವಾಲಯದಲ್ಲಿ ಕೂಡ, ದನಿಗೋಡೆ ಇರುತ್ತದೆ. ಬೇಕಾದ್ದನ್ನು ಗಟ್ಟಿಯಾಗಿ ಓದಿ ಹೇಳುವ ಗೋಡೆ. ಎದುರಿಗೆ ಕೂತವರ ಉಸಿರನ್ನು ಗಮನಿಸಿ, ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂದು ಅದೇ ಆರಿಸುತ್ತದೆ.

ಈ ಗೋಡೆಯಿಂದಾಗಿ ನಮ್ಮ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿ ಹುಟ್ಟಿಕೊಂಡಿದೆ. ಸಾವಾದ ಮನೆಗೆ ಸಭೆಯವರು ಬೆಲ್ಲ, ಅವಲಕ್ಕಿ ಹಿಡಿದು ಬಂದು ಅಲ್ಲಿನ ಗೋಡೆಗೆ ‘ತಂಪೋದು’ ಹಚ್ಚಿ ಹೋಗುತ್ತಾರೆ. ಅಲ್ಲಿಂದ ಒಂದು ವರ್ಷ ಆ ಮನೆಯಲ್ಲಿ ವೇದದ, ಅಂದರೆ ಬೈಬಲಿನ, ತಣ್ಣನೆಯ ಭಾಗಗಳನ್ನಷ್ಟೇ ಓದಲಾಗುತ್ತದೆ. ರಕ್ತ, ಗೋರಿ, ಗೋಳಾಟ ಯಾವುದೂ ಕಿವಿಗೆ ಬೀಳುವುದಿಲ್ಲ. ಕೀರ್ತನೆಗಳು ಕಣ್ಣೀರು ಒರೆಸಿಕೊಂಡ ಮೇಲಿನ ಸಾಲಿನಿಂದ ಶುರುವಾಗುತ್ತವೆ. ಪ್ರೀತಿಯಿಂದಲೇ ಮಾಡುತ್ತಾರೆ, ನಾನೂ ಎಷ್ಟೋ ಮನೆಗಳಿಗೆ ಬೆಲ್ಲ ಒಯ್ದವನೇ. ಆದರೆ ನನ್ನ ಮನೆಯ ಗೋಡೆ ದಿನಾ ಹಸುರು ಹುಲ್ಲುಗಾವಲಿನ ಮಾತಾಡತೊಡಗಿದ ಮೇಲೆ, ಇದನ್ನು ಬರೆದವರ ಮನೆಯಲ್ಲಿ ಯಾರೂ ಸತ್ತೇ ಇರಲಿಲ್ಲವೇನೋ ಅನಿಸಹತ್ತಿತು. ತಬಿಥಾ ಮಣ್ಣಾದಳು, ಇನ್ನೇನೂ ಇಲ್ಲ, ಎಂದು ಒಳಗೊಳಗೇ ಗಟ್ಟಿಯಾಗುತ್ತ ಹೋದೆ.

ಈಸ್ಟರ್ ಬಂತು. ಬೆಳಗಿನ ಆರಾಧನೆ ಮುಗಿದ ಮೇಲೆ ಎಲ್ಲರೂ ಸ್ಮಶಾನಕ್ಕೆ ಹೋಗುವುದು, ಆ ವರ್ಷ ಮಣ್ಣು ಕೊಟ್ಟವರು ಮುಂದೆ ನಡೆಯುವುದು ನಮ್ಮ ರೂಢಿ. ನಾನು ಬರುವುದಿಲ್ಲ ಎಂದು ಪಕ್ಕದ ಮನೆಯ ರೂತವ್ವನಿಗೆ ಹೇಳಿದ್ದೆ. ಆಕೆ ಸೊಂಟದ ಮೇಲೆ ಕೈಯಿಟ್ಟು, “ಬರಬ್ಯಾಡಪಾ. ತಬಿಥಾ ಕೇಳಿದ್ರ, ನಿನ್ನ ಗಂಡಗ ನಿದ್ದಿ ಬಂದಿತ್ತಂತ ಹೇಳ್ತೀನಿ” ಎಂದಳು. ಆರಾಧನೆಗಷ್ಟೇ ಹೋಗಿ ಕೂತೆ.

ದನಿಗೋಡೆ ಮಾರ್ಕನ ಸುವಾರ್ತೆ ಓದಿತು. ಮೂವರು ಹೆಂಗಸರು ಬೆಳಿಗ್ಗೆ ಒಂದು ತೋಟಕ್ಕೆ ಹೋದರು, ಸೂರ್ಯ ಹುಟ್ಟಿದ್ದ, ಬಿಳಿ ಬಟ್ಟೆಯ ಯುವಕನೊಬ್ಬ ಒಳ್ಳೆಯ ಮಾತು ಹೇಳಿದ. ಮುಗಿಯಿತು. ಪಿಕ್‌ನಿಕ್ಕಿಗೆ ಹೋಗಿ ಬಂದ ಹಾಗಿತ್ತು. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ.

“ಅಯ್ಯನವರ, ಆ ಹೆಂಗಸ್ರು ತೋಟಕ್ಕ ಯಾಕ ಹೋಗಿದ್ರು? ಗೋರಿ ಎಲ್ಲೈತಿ?”

ನಮ್ಮ ಸಭಾಪಾಲಕರು ಕೈ ಹಿಸುಕಿಕೊಂಡರು. “ಕಾಕಾರ, ನಿಮಗ ತ್ರಾಸ ಆಗಬಾರದಂತ ಎಲ್ಲಾರೂ ಕೂಡಿ ಇವತ್ತ ಇಲ್ಲೂ ತಂಪೋದು ಹಚ್ಚೇವ್ರಿ.”

“ತ್ರಾಸ ಆಗಲ್ರಿ. ನನ್ನ ಹೇಣ್ತಿ ತೋಟದಾಗ ಇಲ್ಲ, ಮಣ್ಣಾಗ ಅದಾಳ. ಸ್ವಾಮಿ ಗೋರಿಯೊಳಗ ಇಳದ ಇಲ್ಲಂದ್ರ, ಆಕಿನ್ನ ಎಬ್ಬಸಾಕ ಅಲ್ಲಿಗೆ ಯಾರು ಹೋಗ್ತಾರ?”

ಆಮೇಲೆ ರೂತವ್ವ ಕೂತಲ್ಲಿಂದಲೇ ಶುರುಮಾಡಿದಳು. “ಗೋರಿಗೇ ಹೊಂಟಿದ್ರಪಾ. ಹೆಣಕ್ಕ ಹಚ್ಚಾಕ ಸುಗಂಧದ ಎಣ್ಣಿ ಹಿಡಕೊಂಡು. ನಮ್ಮವ್ವ ಹೇಳ್ತಿದ್ಲು.” ಹಿಂದಿನಿಂದ ಯಾರೋ, “ಬಾಗಲಕ್ಕ ದೊಡ್ಡ ಕಲ್ಲಿತ್ರಿ” ಎಂದರು. “ಕಡೀಕ ಹೆದರಿ ಓಡಿದ್ರು, ಯಾರ ಮುಂದೂ ಬಾಯಿ ಬಿಡಲಿಲ್ಲ” ಎಂದು ಇನ್ನೊಬ್ಬರು. “ಬಾಯಿ ಬಿಡಲಿಲ್ಲ? ಹಂಗಾರ ನಮ್ಮ ಓಣಿಯವರಲ್ಲ ಬಿಡ್ರಿ” ಎಂದ ಗಂಡಸೊಬ್ಬನಿಗೆ ಹೆಂಡತಿ ತಿವಿದಳು. ಇಡೀ ದೇವಾಲಯ ನಕ್ಕಿತು. ಅಷ್ಟು ತಿಂಗಳ ಮೇಲೆ ನಾನೂ ನಕ್ಕೆ. ಅಯ್ಯನವರು ಗೋಡೆಯ ಬಾಯಿ ಮುಚ್ಚಿಸಿ, ಒಳಗಿಂದ ಕಾಗದದ ವೇದಪುಸ್ತಕ ತಂದು, ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸುತ್ತ ಶಿಲುಬೆಯ ಶುಕ್ರವಾರದಿಂದ ಓದಿದರು. ಮೊಳೆ, ಕತ್ತಲೆ, ಕೂಗು, ನಾರುಬಟ್ಟೆ, ಕಲ್ಲು, ಎಲ್ಲವನ್ನೂ.

ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ದೇವದೂತನ ಮಾತಲ್ಲ, ಆ ಹೆಂಗಸರ ದಾರಿಯ ಮಾತು. ಬಾಗಿಲ ಕಲ್ಲನ್ನು ಯಾರು ಸರಿಸಿಕೊಡುತ್ತಾರೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರಂತೆ. ಉತ್ತರ ಯಾರಲ್ಲೂ ಇಲ್ಲ. ಆದರೂ ತಿರುಗಿ ಮನೆಗೆ ಹೋಗುವುದಿಲ್ಲ, ನಡೆಯುತ್ತಲೇ ಇರುತ್ತಾರೆ. ತಲೆಯೆತ್ತಿ ನೋಡಿದರೆ ಕಲ್ಲು ಆಗಲೇ ಪಕ್ಕಕ್ಕೆ ಸರಿದಿದೆ. ‘ಐ ಹೋಪ್ ಸೋ’ ಎಂದರೆ ಆದರೂ ಆಗಬಹುದು ಎಂದರ್ಥ, ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದವನು ನಾನು. ವೇದದ ನಿರೀಕ್ಷೆ ಹಾಗಲ್ಲ. ನಾವು ಕೇಳುತ್ತ ನಡೆಯುವಾಗಲೇ ಅಲ್ಲಿ ಕೆಲಸ ಮುಗಿದಿರುತ್ತದೆ.

ಸ್ಮಶಾನಕ್ಕೆ ಎಲ್ಲರಿಗಿಂತ ಮುಂದೆ ನಡೆದೆ. ತಬಿಥಾಳ ಮಣ್ಣಿನ ಮೇಲೆ ಹುಲ್ಲು ಬೆಳೆದು ಒಣಗಿತ್ತು, ಕಿತ್ತೆ. ಕ್ರಿಸ್ತನು ಎದ್ದಿದ್ದಾನೆ ಎಂದು ಅಯ್ಯನವರು ಕೂಗಿದಾಗ, ನಿಜವಾಗಿ ಎದ್ದಿದ್ದಾನೆ ಎಂದು ಅವಳಿಗೂ ಕೇಳುವ ಹಾಗೆ ಕೂಗಿದೆ. ಅತ್ತುಬಿಟ್ಟೆ ಕೂಡ. ಎರಡೂ ಒಟ್ಟಿಗೇ ಬಂದವು.

ಆದ್ದರಿಂದ ನನ್ನದೊಂದು ವಿನಂತಿ. ಈ ಹಬ್ಬದ ದಿನಗಳಲ್ಲಿ ನಿಮ್ಮಲ್ಲಿ ಯಾರಾದರೂ ಸಾವಿನ ಮನೆಗೆ ಹೋಗುವುದಾದರೆ, ಅವರಿಗೆ ನೋವಾದೀತೆಂದು ಶುಕ್ರವಾರವನ್ನು ಮುಚ್ಚಿಟ್ಟು ಭಾನುವಾರವನ್ನಷ್ಟೇ ಕೊಡಬೇಡಿ. ಪಕ್ಕದಲ್ಲಿ ಕೂತು ಪೂರ್ತಿ ಓದಿ. ಅಳುತ್ತಾರೆ, ಅಳಲಿ, ಓದುವುದನ್ನು ನಿಲ್ಲಿಸಬೇಡಿ.

ನಾನು ಹುಟ್ಟುವ ಮೊದಲೇ ನೀವು ಮಣ್ಣಾಗಿರುತ್ತೀರಿ, ಈ ಕಾಗದ ಹಳತಾಗುವ ಮೊದಲು ನಾನೂ. ಯಾರೂ ಯಾರ ಮುಖವನ್ನೂ ನೋಡಿಲ್ಲ. ಚಿಂತೆಯಿಲ್ಲ, ಆ ಬೆಳಿಗ್ಗೆ ಎಲ್ಲರೂ ಏಳುವಾಗ ಬೆಟಗೇರಿಯ ಕಡೆಯವರು ಯಾರೆಂದು ಕೇಳುತ್ತ ಬನ್ನಿ. ತಬಿಥಾಳನ್ನು ಪರಿಚಯ ಮಾಡಿಸುತ್ತೇನೆ. ನಿಮ್ಮ ಹೆಸರು ಕೇಳುವ ಮೊದಲು ಅವಳು ಊಟ ಆಯಿತೇ ಎಂದು ಕೇಳುತ್ತಾಳೆ, ಇಲ್ಲ ಎನ್ನಿ.

ನಿಮ್ಮವನೇ ಆದ,
ಎಲ್ಕಾನಪ್ಪ ಬೆನ್ನೂರ