ಅರೇಬಿಕಾ ತಂಡ, ರೊಬಸ್ಟಾ ತಂಡ

ಮೂಡಿಗೆರೆ
ಜೂನ್ 3

ಹೆಡ್‌ಮಾಸ್ಟರ್ ಅವರಿಗೆ, ಒಂಬತ್ತನೇ ಕ್ಲಾಸಿನ ಮೋನಿಕಾಳ ತಾಯಿ ಮಾಡುವ ನಮಸ್ಕಾರ.

ಪ್ರಾರಂಭೋತ್ಸವದ ದಿನ ನಿಮ್ಮ ಭಾಷಣ ಕೇಳಿದೆ. ಶಾಲೆಯ ಮೇಲೆ ಅಭಿಮಾನ ಬೆಳೆಯಲಿ ಎಂದು ಮಕ್ಕಳನ್ನು ಎರಡು ತಂಡ ಮಾಡಿ, ದುಬಾರಿ ಕಾಫಿಯ ಹೆಸರನ್ನು ಒಂದಕ್ಕೂ ಅಗ್ಗದ್ದನ್ನು ಇನ್ನೊಂದಕ್ಕೂ ಇಟ್ಟಿದ್ದೀರಿ. ಎಂಥಾ ತಲೆ ಸರ್ ನಿಮ್ಮದು! ತೋಟದ ಮಾಲೀಕರ ಮಕ್ಕಳೆಲ್ಲ ಅರೇಬಿಕಾ, ನಮ್ಮ ಕೂಲಿ ಲೈನ್ ಮನೆಯ ಮಕ್ಕಳೆಲ್ಲ ರೊಬಸ್ಟಾ. ಕೇಳಿದ್ದಕ್ಕೆ, "ಅದು ಹಂಗೇ ಬಂತು ಕಣಮ್ಮ, ಬೇಕಂತ ಮಾಡಿದ್ದಲ್ಲ" ಅಂದಿರಿ. ಮಳೆ ಬಂದಾಗ ಅರೇಬಿಕಾದವರು ಶಾಮಿಯಾನದೊಳಗೆ ಕುರ್ಚಿಯಲ್ಲಿ ಕೂತಿದ್ದರು. ರೊಬಸ್ಟಾದವರು ಹೊರಗೆ ನೆನೆಯುತ್ತಾ "ನಾವೆಲ್ಲ ಒಂದೇ" ಎಂದು ಕೂಗುತ್ತಿದ್ದರು. ಅದೂ ಹಂಗೇ ಬಂತೇನೋ.

ನೀವು ಕೊಟ್ಟ ರೊಬಸ್ಟಾ ತಂಡದ ಕಂದು ಬಣ್ಣದ ಟೀ ಶರ್ಟನ್ನು ಒಗೆದು, ಒಣಗಿಸಿ ಇದರ ಜೊತೆ ಕಳಿಸಿದ್ದೇನೆ. ಮೋನಿಕಾ ಇನ್ನು ಯೂನಿಫಾರ್ಮ್‌ನಲ್ಲೇ ಬರುತ್ತಾಳೆ. ದಯವಿಟ್ಟು ಅವಳನ್ನು ಕ್ಲಾಸಿನ ಹೊರಗೆ ನಿಲ್ಲಿಸಬೇಡಿ.

ನಾನು ಹದಿನೆಂಟು ವರ್ಷದಿಂದ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವವಳು. ಸಿಪ್ಪೆ ತೆಗೆದು, ಬೀಜ ಕಣ್ಣಿಗೆ ಕಾಣುವವರೆಗೆ ನಾವು ಯಾವುದಕ್ಕೂ ಗ್ರೇಡ್ ಹಾಕುವುದಿಲ್ಲ. ನೀವು ಮನೆ ವಿಳಾಸ ನೋಡಿಯೇ ಹಾಕಿ ಮುಗಿಸಿದಿರಿ. ಬಿಡುವಿದ್ದಾಗ ಒಂದು ದಿನ ಬನ್ನಿ ಸರ್, ಕೆಲಸ ಕಲಿಸಿಕೊಡುತ್ತೇನೆ.

ಇಂತಿ,
ಗುಲಾಬಿ