ಮೀನಂಗಡಿಯ ಸರದಿ

ಡೆಸ್ಮಂಡ್,

ನೀನು ಬರಲೊಪ್ಪದ ಈ ಸ್ಪೇನಿನ ಕಡಲೂರಿನಲ್ಲಿ ಇವತ್ತೂ ಧಾರಾಳ ಬಿಸಿಲು. ನನ್ನ ಮಂಡಿನೋವು ಲೀಡ್ಸಿನಲ್ಲೇ ಉಳಿದಿರಬೇಕು.

ಇಲ್ಲಿಯ ಮೀನಂಗಡಿಯಲ್ಲಿ ಯಾರೂ ಸಾಲಾಗಿ ನಿಲ್ಲುವುದಿಲ್ಲ. ಬಂದವರು "ಕೊನೇಲಿ ಬಂದಿದ್ದು ಯಾರು?" ಎಂದು ಕೇಳಿ, ಆ ಮುಖ ನೆನಪಿಟ್ಟುಕೊಂಡು ಹರಟೆಗೆ ಕೂರುತ್ತಾರೆ. ಇದು ತಿಳಿಯದೆ ನಾನು ವಾರಗಟ್ಟಲೆ ಒಬ್ಬಳೇ ಸಾಲು ನಿಂತಿದ್ದೆ.

ಮೀನು ಮಾರುವ ರೆಮೆದಿಯೋಸ್ ಇವತ್ತು ತಡೆಯಲಾರದೆ, "ಯಾಕಮ್ಮ, ಗೋಡೆ ಬಿದ್ದೋಗತ್ತೆ ಅಂತ ಹಿಡ್ಕೊಂಡು ನಿಂತಿದೀಯಾ? ಬಾಯ್ಬಿಟ್ಟು ಕೇಳು" ಎಂದಳು. ಕೇಳಿದೆ. ಆಮೇಲೆ ಒಬ್ಬ ಮುದುಕ ಬಂದು ಅದನ್ನೇ ಕೇಳಿದ.

"ನಾನೇ. ನನ್ನ ಹಿಂದೆ ನೀವು" ಎಂದೆ.

ಲೀಡ್ಸಿನಲ್ಲಿ ಚೀಲ ಹಿಡಿದು ನನ್ನ ಹಿಂದೆ ನಿಲ್ಲುತ್ತಿದ್ದವನು ನೀನು. ನೀನು ತೀರಿಹೋದ ಮೇಲೂ ನಾನು ಬೆನ್ನ ಹಿಂದೆ ನಿನ್ನಷ್ಟು ಜಾಗ ಬಿಟ್ಟೇ ನಿಲ್ಲುತ್ತಿದ್ದೆ. ಇವತ್ತು ಆ ಜಾಗವನ್ನು ಮುದುಕನಿಗೆ ಕೊಟ್ಟುಬಿಟ್ಟೆ. ಹಾಯೆನಿಸಿತು.

ಮೀನು ಮಾತ್ರ ಇಬ್ಬರಿಗಾಗುವಷ್ಟು ತಂದಿದ್ದೇನೆ.