ಜಮಾರಿಸ್‌ನ ಅಂಗಳದ ಕಪ್ಪು ನಡುಕಟ್ಟು

ತಮ್ಮ ಜಮಾರಿಸ್‌ಗೆ,

ನಿನ್ನ ಅಕ್ಕ ರಬೈನಿ ಬರೆಯುತ್ತಿರುವುದು. ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಗೋಡೆಯ ಆಚೆ ಜಗಲಿಯಲ್ಲಿ ಕುಳಿತು ಸುಟ್ಟ ಬಾಳೆಹಣ್ಣು ತಿನ್ನುತ್ತಿದ್ದೀಯ. ಸಿಪ್ಪೆಯನ್ನು ಬೆಕ್ಕಿಗೆ ಕೊಡುತ್ತೀಯ, ಅದು ಮೂಸಿ ಬಿಡುತ್ತದೆ. ಈ ಕಾಗದವನ್ನು ನಿನಗೆ ಓದಿ ಹೇಳುವುದೂ ಇಲ್ಲ. ಇದು ಹೋದ ಸುಗ್ಗಿಯವರೆಗೆ ಇದೇ ಮನೆಯಲ್ಲಿದ್ದ ಜಮಾರಿಸ್‌ಗೆ. ಅವನಾಗಿದ್ದರೆ ನನ್ನ ಸಂಕಟ ಅರ್ಧ ಮಾತಿನಲ್ಲೇ ಅವನಿಗೆ ತಿಳಿಯುತ್ತಿತ್ತು.

ನಮ್ಮ ಮಿನಾಂಗ್ ಜನರಲ್ಲಿ ಮನೆ ಹೆಣ್ಣಿನದು. ಈ ಮನೆ, ಗದ್ದೆ, ಎದುರಿನ ಅಂಗಳ ಎಲ್ಲವೂ ಅಮ್ಮನಿಂದ ನನಗೆ ಬಂದವು. ಯಾರ ಮದುವೆ ಯಾವಾಗ, ಯಾವ ಗದ್ದೆ ಯಾರು ಉಳಬೇಕು ಎಂದು ಹೇಳುವವಳು ನಾನು. ನಾನು ಹೇಳಿದ ಮೇಲೆ ಈ ಮನೆಯಲ್ಲಿ ಇನ್ನೊಂದು ಮಾತು ಹುಟ್ಟುವುದಿಲ್ಲ. ಆದರೆ ಮಕ್ಕಳು ಸಿಲಾತ್ ಕಾಳಗವಿದ್ಯೆ ಕಲಿಯಲು ಅಂಗಳಕ್ಕೆ ಇಳಿದರೆಂದರೆ ಆ ನೆಲ ನಿನ್ನದು. ಅಲ್ಲಿ ಸೋದರಮಾವನ ಮಾತೇ ಕೊನೆ. ನಡುಕಟ್ಟಿನ ಬಟ್ಟೆಗೆ ಕಪ್ಪು ಬಣ್ಣ ಹಾಕಿ ಹೊಲಿಯುವುದು ನನ್ನ ಪಾಲು, ಕಟ್ಟುವುದು ನಿನ್ನ ಪಾಲು. ಕಟ್ಟಿಸಿಕೊಂಡವನು ತನ್ನದೇ ಅಂಗಳ ಮಾಡಿಕೊಂಡು ಮಕ್ಕಳಿಗೆ ಕಲಿಸಬಹುದು. ನೀನು ಕಟ್ಟಿದ್ದನ್ನು ಬಿಚ್ಚುವ ಹಕ್ಕು ಇನ್ನೊಬ್ಬರಿಗಿಲ್ಲ.

ಎಷ್ಟು ಬಿಗಿ ಇದ್ದೆ ನೀನು! ಮೊದಲ ವರ್ಷವೆಲ್ಲ ಬೀಳುವುದನ್ನೇ ಕಲಿಸುತ್ತಿದ್ದೆ. "ಗುರುಗಳೇ, ನೆಲಕ್ಕೆ ನಮ್ಮ ಮುಖ ಗುರ್ತು ಸಿಕ್ಕೋಯ್ತು, ಸಾಕು ಬಿಡಿ" ಎಂದು ಹುಡುಗರು ಗೋಗರೆದರೆ, "ಮುಖ ಗೊತ್ತಾಗಿರ್ಬೋದು, ಹೆಸರು ಕೇಳಿಲ್ಲ ಇನ್ನೂ. ಬೀಳು!" ಎನ್ನುತ್ತಿದ್ದೆ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ನಾನು ನಗುತ್ತಿದ್ದೆ.

ನನ್ನ ಮಗ ಎರಿಜಾಲ್‌ನ ಪರೀಕ್ಷೆಯ ದಿನ ನಾನೂ ಮೆಟ್ಟಿಲ ಮೇಲೆ ನಿಂತಿದ್ದೆ. ನೀನು ಎಂದಿನಂತೆ ಕಾಲು ಜಾರಿದವನ ಹಾಗೆ ನಟಿಸಿ ಬಿದ್ದೆ. ಬಿದ್ದವನಿಗೆ ಹೊಡೆಯದೆ ಒಂದು ಕೈ ಚಾಚಬೇಕು, ಇನ್ನೊಂದು ಕೈ ಎದೆಗೆ ಕಾವಲಿರಬೇಕು, ಕಣ್ಣು ನಿನ್ನಿಂದ ಕದಲಬಾರದು. ಅವನು ಕೈ ಚಾಚಿದ, ಕಾವಲೂ ಇಟ್ಟ. ಆದರೆ ಒಂದು ಕ್ಷಣ ಅಮ್ಮ ನೋಡಿದಳೇ ಎಂದು ನನ್ನ ಕಡೆ ತಿರುಗಿದ. ನೀನು ಮಲಗಿದಲ್ಲಿಂದಲೇ ಅವನ ಕಾಲು ಸೆಳೆದು ಬೀಳಿಸಿದೆ. "ನಿಮ್ಮಮ್ಮ ಎಲ್ಲೂ ಓಡಿ ಹೋಗಲ್ಲ ಕಣೋ. ಚಾಕು ಹಿಡಿದೋನು ಕಾಯ್ತಾ ಕೂರಲ್ಲ. ಮುಂದಿನ ವರ್ಷ ಬಾ" ಎಂದೆ.

ಮುಂದಿನ ವರ್ಷ ಅವನಿಗೆ ಬರಲಿಲ್ಲ. ನಮ್ಮ ಗಂಡುಮಕ್ಕಳೆಲ್ಲ ಹೋಗುವಂತೆ ಹೊರಸೀಮೆಗೆ ದುಡಿಯಲು ಹೋದ, ದುಮಾಯಿ ಬಂದರಿನಲ್ಲಿ ಅನ್ನದಂಗಡಿ ಇಟ್ಟ, ಅಲ್ಲೇ ಜ್ವರ ಬಂದು ತೀರಿಕೊಂಡ. ನಡುಕಟ್ಟಿಲ್ಲದ ಬರಿಯ ಸೊಂಟದಲ್ಲಿ ಅವನನ್ನು ಮಣ್ಣು ಮಾಡಿದಾಗಲೂ ನಾನು ನಿನ್ನನ್ನು ಒಂದು ಮಾತು ಅನ್ನಲಿಲ್ಲ. ಇವತ್ತಿಗೂ ಅನ್ನುವುದಿಲ್ಲ. ನೀನು ಮಾಡಿದ್ದು ಸರಿ. ಅಳತೆ ಎಂದ ಮೇಲೆ ನನ್ನ ಮಗನಿಗೂ ಅದೇ ಅಳತೆ.

ಹಾಗಾದರೆ ಈಗ ಮಾಡುತ್ತಿರುವುದು ಏನು, ತಮ್ಮ?

ಸುಗ್ಗಿಯಾದ ಮೇಲೆ ನೀನು ಪೆಂಡಿ ಎಂಬ ಹುಡುಗನಿಗೆ ನಡುಕಟ್ಟು ಕಟ್ಟಿದೆ. ಅವನು ಬಂದು ಒಂದು ಮಳೆಗಾಲವೂ ಆಗಿರಲಿಲ್ಲ. ಏನೋ ಕಂಡಿರಬೇಕು ನಿನಗೆ ಎಂದುಕೊಂಡೆ. ಆಮೇಲೆ ಅವನ ಗೆಳೆಯನಿಗೆ, ಆಮೇಲೆ ಹಾವಭಾವ ತೋರಿಸಿ ಫೋಟೋ ತೆಗೆಸಿಕೊಳ್ಳಲು ಬಂದವನಿಗೆ. ಪ್ರತಿ ಸಲವೂ ಕಟ್ಟಿ ಅವರ ಕೆನ್ನೆ ತಟ್ಟುತ್ತಿದ್ದೆ. ಒಂದು ದಿನ ನಾನು ಹತ್ತಿರವೇ ಇದ್ದೆ. "ಈಗ ಸರಿಯಾಯ್ತು ನೋಡು, ಎರಿಜಾಲ್" ಎಂದದ್ದು ನನ್ನ ಕಿವಿಗೆ ಬಿತ್ತು. ಕೈಯಲ್ಲಿದ್ದ ನೀರಿನ ಚೊಂಬನ್ನು ನಾನು ಕೆಳಗಿಟ್ಟೆ.

ಕಾಫಿ ಅಂಗಡಿಯಲ್ಲಿ ಜನ ಆಡಿಕೊಳ್ಳುವುದು ನಿನಗೆ ಕೇಳಿಸುವುದಿಲ್ಲ. "ಜಮಾರಿಸ್ ಅಂಗಳದಲ್ಲಿ ಹುಷಾರಪ್ಪಾ, ದಾರಿ ಕೇಳೋಕೆ ಹೋದ್ರೂ ಸೊಂಟಕ್ಕೆ ಸುತ್ತಿ ಕಳಿಸ್ತಾರೆ!" ಆ ನಗುವನ್ನು ನಾನು ನುಂಗಿಕೊಂಡೆ. ಆದರೆ ಪೆಂಡಿಯ ಅಂಗಳದಲ್ಲಿ ಒಂದು ಹೆಣ್ಣುಮಗುವಿನ ಹೆಗಲಮೂಳೆ ಮುರಿಯಿತು. ಬೀಳುವುದನ್ನು ಕಲಿಸದೆಯೇ ಅವನು ಮಗುವನ್ನು ಎತ್ತಿ ಹಾಕುವ ಪಟ್ಟಿಗೆ ನಿಲ್ಲಿಸಿದ್ದ. ಮಗುವಿನ ತಾಯಿ ನನ್ನ ಹತ್ತಿರ ಬಂದಳು. ಬೈಯಲಿಲ್ಲ. "ನಿಮ್ಮನೆ ನಡುಕಟ್ಟು ಅಂತ ನಂಬಿ ಕಳಿಸ್ದೆ, ಅಮ್ಮಾ" ಎಂದಷ್ಟೇ ಹೇಳಿ ಹೋದಳು. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

ದಾರಿ ಇರುವುದು ಒಂದೇ. ಗುರುವಿನ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಮನೆಯ ಹಿರಿಯ ಹೆಣ್ಣು ಊರ ಹಿರಿಯರಿಗೆ ಹೇಳಿದರೆ, ಅವನು ಕಟ್ಟಿದ್ದನ್ನು ಅವರು ಹಿಂದಕ್ಕೆ ಪಡೆಯಬಹುದು. ಆದರೆ ಆ ಮಾತನ್ನು ಅಂಗಳದಲ್ಲೇ, ಗುರುವನ್ನು ಎದುರು ಕೂರಿಸಿಕೊಂಡು, ಶಿಷ್ಯರಿಗೆ ಕೇಳುವಂತೆ ಹೇಳಬೇಕು. ಬೆನ್ನ ಹಿಂದೆ ಹೇಳಿದ್ದು ಲೆಕ್ಕಕ್ಕಿಲ್ಲ.

ಮೊನ್ನೆ ಶುಕ್ರವಾರ ಹಿರಿಯರನ್ನು ಕರೆಸಿದೆ. ಹೇಳಿಯೇ ತೀರುತ್ತೇನೆ ಎಂದು ನಿಶ್ಚಯಿಸಿದ್ದೆ. ಅಷ್ಟರಲ್ಲಿ ನೀನು ಇನ್ನೊಬ್ಬರಿಗೆ ಕಟ್ಟದಿರಲಿ ಎಂದು ಕಪ್ಪು ಬಟ್ಟೆಯನ್ನು ಕಣಜದಲ್ಲಿ ಭತ್ತದ ಕೆಳಗೆ ಮುಚ್ಚಿಟ್ಟಿದ್ದೆ. ನೀನು ಪೆಟ್ಟಿಗೆಯನ್ನೆಲ್ಲ ಹುಡುಕಿದೆ, ನನ್ನನ್ನು ಕೇಳಲಿಲ್ಲ. ಅಂಗಳಕ್ಕೆ ಇಳಿದು, ಹೊಸ ಹುಡುಗ ಯೋಂದ್ರಿಯ ಎದುರು ನಿಂತು, ನಿನ್ನ ಸೊಂಟದಿಂದಲೇ ಬಿಚ್ಚಿದೆ. ನಮ್ಮ ಸೋದರಮಾವ ನಿನಗೆ ಕಟ್ಟಿದ್ದು ಅದು. ಅಮ್ಮ ಹೊಲಿದದ್ದು. ಸಡಿಲವಾದ ಷರಾಯಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲೇ ಅವನಿಗೆ ಸುತ್ತಲು ಹೆಣಗುತ್ತಿದ್ದೆ. ಯಾರೂ ನಗಲಿಲ್ಲ. ಯೋಂದ್ರಿ ಬಿಳಿಚಿಕೊಂಡು ನನ್ನನ್ನು ನೋಡಿದ. "ಅಜ್ಜೀ, ನಾನೇನ್ ಮಾಡ್ಲಿ?"

ಹಿರಿಯರೂ ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಆಗ ನೀನು ತಿರುಗಿದೆ. ನಾವು ಚಿಕ್ಕವರಿದ್ದಾಗ ಹೊಳೆಯಲ್ಲಿ ಮೀನು ಹಿಡಿದು ತಂದು ತೋರಿಸುತ್ತಿದ್ದೆಯಲ್ಲ, ಆ ಮುಖ. "ಅಕ್ಕಾ, ನಿನ್ ಮಗ ಪಾಸಾದ. ಈಗಲಾದ್ರೂ ನನ್ ಜೊತೆ ಸರಿಯಾಗಿ ಮಾತಾಡ್ತೀಯಾ?"

ಮಣ್ಣು ಮಾಡಿದ ದಿನದಿಂದ ನಾನು ನಿನ್ನನ್ನು ಬೈಯಲಿಲ್ಲ ಎಂದು ಹೆಮ್ಮೆಪಟ್ಟುಕೊಂಡಿದ್ದೆ. ನೀನು ಅಷ್ಟು ವರ್ಷವೂ ಬೈಗುಳಕ್ಕಾಗಿ ಕಾಯುತ್ತಿದ್ದೆ ಎಂದು ಯಾರು ಕಂಡಿದ್ದರು?

"ಕೈ ತೊಳ್ಕೊಂಡು ಬನ್ನಿ ಎಲ್ರೂ, ಊಟಕ್ಕೆ ಹಾಕ್ತೀನಿ" ಎಂದೆ. ನನ್ನ ಬಾಯಿಂದ ಬಂದದ್ದು ಅದೇ. ಹೆಗಲ ಮೇಲಿನ ಶಾಲು ತೆಗೆದು ನಿನ್ನ ಸೊಂಟಕ್ಕೆ ಬಿಗಿದೆ. ಹಿರಿಯರು ಉಂಡು, ಏನನ್ನೂ ಕೇಳದೆ ಹೊರಟುಹೋದರು. ನಿನ್ನ ನಡುಕಟ್ಟು ಕಟ್ಟಿಕೊಂಡೇ ಯೋಂದ್ರಿ ಸೇತುವೆಯ ಪಕ್ಕ ಅಂಗಳ ಗುಡಿಸಿಕೊಂಡಿದ್ದಾನಂತೆ. ಮಕ್ಕಳು ಸೇರುತ್ತಿದ್ದಾರಂತೆ. ಈ ಮನೆಯನ್ನೆಲ್ಲ ಆಳುವ ನಾನು ಆ ಮಕ್ಕಳ ಕಾವಲಿಗೂ ನಿಲ್ಲಲಾರೆ, ನಿನಗೂ ಅಡ್ಡ ನಿಲ್ಲಲಾರೆ.

ಈಗಷ್ಟೇ ಜಗಲಿಯಿಂದ ಕೂಗಿ ಕೇಳಿದೆ: "ಅಕ್ಕಾ, ಶುಕ್ರವಾರ ಎರಿಜಾಲ್‌ದು ಪರೀಕ್ಷೆ ಅಲ್ವಾ? ಬರ್ತಾನಾ?"

ಬರ್ತಾನೆ ಎಂದೆ.

ದೇವರು ನಿನಗೆ ನೆಮ್ಮದಿಯ ನಿದ್ದೆ ಕೊಡಲಿ, ತಮ್ಮ. ಆ ಮಕ್ಕಳ ಮೂಳೆಗಳನ್ನೂ ಅವನೇ ಕಾಯಲಿ, ನನ್ನ ಕೈಲಾಗಲಿಲ್ಲ.

ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ,
ರಬೈನಿ